ಬರ್ಲಿನ್ ಈಸ್ಟೋ, ವೆಸ್ಟೋ?

ನಮ್ಮ ದೊಡ್ಡಮ್ಮ ಬರ್ಲಿನ್ ನಗರವನ್ನು ಮತ್ತೆ ಎರಡು ಪಾಲು ಮಾಡಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ಆದರೆ ಜರ್ಮನಿಯವರು ಅಷ್ಟು ಕಷ್ಟಪಟ್ಟು ಗೋಡೆ ಒಡೆದು, ಅತ್ತು, ತಬ್ಬಿಕೊಂಡು ಒಂದು ಮಾಡಿದ ಊರನ್ನು ಕುರ್ಲಾದ ನಮ್ಮ ಮನೆಯಲ್ಲಿ ಕೂತು, ಮಡಿಲಲ್ಲಿ ಬಸಳೆ ಸೊಪ್ಪು ಬಿಡಿಸುತ್ತಾ, ಒಂದೇ ಒಂದು ಫೋನಿನಲ್ಲಿ ಮತ್ತೆ ಒಡೆದವರು ಅವರೇ. ಅದಕ್ಕೆ ನಾನೇ ಸಾಕ್ಷಿ. ಸಾಕ್ಷಿ ಅನ್ನುವುದೇನು ಬಂತು, ಆ ಹೊತ್ತಿನಲ್ಲಿ ಅಡುಗೆಮನೆಯ ಬಾಗಿಲ ಹಿಂದೆ ಮುಖ ಮುಚ್ಚಿಕೊಂಡು ನಿಂತಿದ್ದೆ!

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಉಡುಪಿ ಕಡೆಯಿಂದ ಚಿಕ್ಕಂದಿನಲ್ಲೇ ಮುಂಬೈಗೆ ಬಂದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಪುರುಸೊತ್ತು ಎಲ್ಲಿತ್ತು ಮಾರಾಯ್ತಿ? ಒಂದು ಗಾಡಿ ಹೋಗುವಷ್ಟರಲ್ಲಿ ಇನ್ನೊಂದು ಬರ್ತಿತ್ತು!" ಗಾಡಿ ಎಂದರೆ ಲೋಕಲ್ ರೈಲು. ದೊಡ್ಡಮ್ಮ ಸ್ಟೇಷನ್ನಿನಲ್ಲಿ ಅನೌನ್ಸರ್ ಆಗಿದ್ದರು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ಎಲ್ಲಿ ನಿಲ್ಲುವುದಿಲ್ಲ ಎಂದು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಮೈಕಿನ ಮುಂದೆ ಹೇಳುವುದೇ ಅವರ ನೌಕರಿ. ಅಪ್ಪ ಅಮ್ಮ ತೀರಿಕೊಂಡ ಮೇಲೆ ಈ ಮನೆಯಲ್ಲಿ ಇರುವುದು ನಾನು ಮತ್ತು ಅವರು.

ದೊಡ್ಡಮ್ಮನಿಗೆ ನಿವೃತ್ತಿಯಾಯಿತು. ಅವರ ಗಂಟಲಿಗೆ ಆಗಲಿಲ್ಲ. "ಗ್ಯಾಸಿನ ಮೇಲಿರುವ ದೋಸೆ ಇನ್ನು ಸ್ವಲ್ಪವೇ ಹೊತ್ತಿನಲ್ಲಿ ಪ್ಲೇಟ್ ಕ್ರಮಾಂಕ ಒಂದಕ್ಕೆ ಬರಲಿದೆ" ಎಂದು ಅವರು ಬೆಳಿಗ್ಗೆ ಕೂಗಿದರೆ ಮೇಲಿನ ಮಹಡಿಯವರಿಗೂ ಹಸಿವಾಗುತ್ತದೆ. ನಾನು ಸ್ನಾನಕ್ಕೆ ಹೋಗಿ ತುಸು ತಡವಾದರೆ, "ಬಾತ್‌ರೂಮಿನಲ್ಲಿ ನಿಂತಿರುವ ಗಾಡಿ ಇವತ್ತು ಹೊರಡುವುದುಂಟಾ?" ಎಂದು ಇಡೀ ಬಿಲ್ಡಿಂಗಿಗೆ ತಿಳಿಯುತ್ತದೆ. ಒಮ್ಮೆ ನನ್ನನ್ನು ನೋಡಲು ಥಾಣೆಯಿಂದ ಗಂಡಿನ ಕಡೆಯವರು ಬಂದಿದ್ದರು. ಟ್ರಾಫಿಕ್ಕಿನಲ್ಲಿ ಸಿಕ್ಕಿ ತಡವಾಗಿತ್ತು. ಬಾಗಿಲು ತೆರೆದ ದೊಡ್ಡಮ್ಮ ಗಂಡಿನ ತಾಯಿಯ ಮುಖ ನೋಡಿ, "ಥಾಣೆಯಿಂದ ಬರುವ ಗಾಡಿ ವಿಳಂಬವಾಗಿ ಬಂದಿದೆ, ಆದ ತೊಂದರೆಗೆ ಯಾರು ಜವಾಬ್ದಾರಿ?" ಎಂದರು. ಆ ಸಂಬಂಧ ಕುದುರಲಿಲ್ಲ. ಗಂಡು ತಪ್ಪಿದ್ದಕ್ಕೆ ನನಗೆ ಬೇಸರವಾಗಲಿಲ್ಲ, ನಾಚಿಕೆಯಾಯಿತು. ದೊಡ್ಡಮ್ಮನ ಜೊತೆ ಬಾಳುವುದೆಂದರೆ ನಾಚಿಕೆಯನ್ನು ದಿನಾ ಚಹಾದ ಜೊತೆ ಕುಡಿಯುವುದು ಎಂದೇ ಅರ್ಥ.

ಇನ್ನು ಬರ್ಲಿನ್ನಿನ ವಿಷಯ. ನಾನು ಬಾಂದ್ರಾದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಎರಡನೇ ವರ್ಷದ ಮಕ್ಕಳಿಗೆ ಗೋಡೆ ಕಟ್ಟಿದ್ದು, ಗೋಡೆ ಬಿದ್ದದ್ದು ಎಲ್ಲ ಬೋರ್ಡಿನ ಮೇಲೆ ಗೆರೆ ಎಳೆದು ಎಳೆದು ಸಾಕಾಗಿ, ಈ ಸಲ ಅವರನ್ನು ನಾಲ್ಕು ದಿನ ಬರ್ಲಿನ್ನಿಗೇ ಕರೆದುಕೊಂಡು ಹೋಗಬೇಕೆಂದು ಪ್ರಿನ್ಸಿಪಾಲರ ಬೆನ್ನು ಬಿದ್ದೆ. ಅವರು ಮೂಗು ಮುರಿದು, ಆಮೇಲೆ ಒಪ್ಪಿದರು. ಆ ಖುಷಿಯಲ್ಲಿ ಮನೆಗೆ ಬಂದವಳು ಚಪ್ಪಲಿ ಬಿಡುವ ಮುಂಚೆಯೇ ದೊಡ್ಡಮ್ಮನಿಗೆ ಬರ್ಲಿನ್ ಪ್ರವಾಸದ ಸುದ್ದಿ ಹೇಳಿಬಿಟ್ಟೆ.

ಅಷ್ಟೇ! ಮರುದಿನದಿಂದ ಪ್ರವಾಸ ನನ್ನ ಕೈಯಲ್ಲಿ ಇರಲಿಲ್ಲ.

ಮೊದಲು ಆದದ್ದೇ ಆ ಫೋನು. ಮುಂಬೈಯವರಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿ ಪ್ರತಿ ಸ್ಟೇಷನ್ನಿಗೂ ಎರಡು ಮಗ್ಗುಲು, ಈಸ್ಟು ಮತ್ತು ವೆಸ್ಟು. ನಡುವೆ ರೈಲು ಹಳಿ. ಕುರ್ಲಾ ಈಸ್ಟಿನವನು ಕುರ್ಲಾ ವೆಸ್ಟಿಗೆ ಹೋಗಬೇಕಾದರೆ ಸೇತುವೆ ಹತ್ತಿ, ಜನರ ನಡುವೆ ಜಜ್ಜಿಹೋಗಿ, ಇಳಿದು, ಬೆವರು ಒರೆಸಿಕೊಳ್ಳಬೇಕು. ಆದ್ದರಿಂದ ಯಾರ ವಿಳಾಸ ಕೇಳಿದರೂ ನಮ್ಮ ಬಾಯಲ್ಲಿ ಮೊದಲು ಬರುವ ಪ್ರಶ್ನೆ, "ಈಸ್ಟೋ, ವೆಸ್ಟೋ?" ಸ್ವರ್ಗಕ್ಕೆ ಹೋದರೂ ಮುಂಬೈಯವನು ದ್ವಾರಪಾಲಕನನ್ನು ಇದೇ ಕೇಳಿಯಾನು.

ಬರ್ಲಿನ್ನಿನಲ್ಲಿ ಉಳಿಯಲು ನಾನು ಒಂದು ಹಾಸ್ಟೆಲ್ ಗೊತ್ತು ಮಾಡಿದ್ದೆ. ದೊಡ್ಡಮ್ಮ ಅದರ ನಂಬರು ಹುಡುಕಿ, ಫೋನನ್ನು ಸ್ಪೀಕರಿನಲ್ಲಿ ಇಟ್ಟು, ತಮ್ಮ ಅನೌನ್ಸ್‌ಮೆಂಟ್ ಇಂಗ್ಲಿಷಿನಲ್ಲಿ ಶುರು ಮಾಡಿದರು. ಆ ಕಡೆ ಒಬ್ಬಳು ಹುಡುಗಿ, ಬಹಳ ಮೃದುವಾದ ದನಿ.

"ನಿಮ್ಮ ಹಾಸ್ಟೆಲ್ ಈಸ್ಟೋ, ವೆಸ್ಟೋ?"

ಹುಡುಗಿ ತಡೆದು ತಡೆದು, "ಮೇಡಮ್, ಈಗ ನಮ್ಮಲ್ಲಿ ಈಸ್ಟ್ ವೆಸ್ಟ್ ಅಂತ ಇಲ್ಲ. ಎಲ್ಲ ಒಂದೇ" ಎಂದಳು.

"ಒಂದೇ? ನಿಮ್ಮಲ್ಲಿ ರೈಲ್ವೆ ಲೈನ್ ಇಲ್ವಾ?"

"ಇದೆ."

"ಲೈನ್ ಇದ್ದ ಮೇಲೆ ಒಂದು ಬದಿ ಈಸ್ಟು, ಇನ್ನೊಂದು ಬದಿ ವೆಸ್ಟು! ಒಂದೇ ಹೇಗೆ ಆಗ್ತದೆ? ಸರಿಯಾಗಿ ಹೇಳಮ್ಮ, ಮಕ್ಕಳು ಬ್ಯಾಗು ಹೊತ್ತು ತಪ್ಪು ಬದಿಗೆ ಇಳಿದರೆ ಯಾರು ಹೊಣೆ?"

ಹುಡುಗಿ ಸೋತಳು. "ಮೊದಲು ಈ ಭಾಗ ಈಸ್ಟ್ ಆಗಿತ್ತು. ನನ್ನ ಅಜ್ಜಿಯೂ ಇಲ್ಲೇ ಇದ್ದರು. ಅವರಿಗೆ ಆ ಕಡೆಗೆ ಹೋಗಲು ಬಿಡುತ್ತಿರಲಿಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿದಳು.

"ಹಾಂ! ಹಾಗೆ ಹೇಳು!" ದೊಡ್ಡಮ್ಮನಿಗೆ ಎಲ್ಲಿಲ್ಲದ ಸಂತೋಷ. "ನಾವೂ ಈಸ್ಟಿನವರೇ. ಈಸ್ಟಿನಲ್ಲಿ ಬಾಡಿಗೆ ಕಡಿಮೆ ಇರ್ತದೆ. ನಿನ್ನ ಅಜ್ಜಿ ಬುದ್ಧಿವಂತೆ!"

ನಾನು ಇತಿಹಾಸದ ಅಧ್ಯಾಪಕಿ! ಭೂಮಿ ಬಾಯಿ ಬಿಡಬಾರದೇ ಎಂದು ಕಾದೆ. ಎರಡನೇ ಮಹಡಿಯ ನೆಲ ಬಾಯಿ ಬಿಟ್ಟರೂ ಮೊದಲನೇ ಮಹಡಿಯ ಗುಜರಾತಿಗಳ ಮನೆಗೆ ಬೀಳುತ್ತಿದ್ದೆ ಅಷ್ಟೆ. ಆ ಕಡೆ ಹುಡುಗಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ದೊಡ್ಡಮ್ಮ ಬಿಡಲಿಲ್ಲ. "ಮಂಚ ಮೇಲೊಂದು ಕೆಳಗೊಂದು ಅಂತ ಫೋಟೋದಲ್ಲಿ ಉಂಟಲ್ಲ, ಸೀನಿಯರ್ ಸಿಟಿಜನ್‌ಗೆ ಲೋವರ್ ಬರ್ತ್ ಕೋಟಾ ಉಂಟಾ?" ಎಂದು ಕೇಳಿ, ಉಂಟು ಎಂದು ಅವಳ ಬಾಯಿಂದ ಹೇಳಿಸಿಯೇ ಫೋನ್ ಇಟ್ಟರು. ಇಪ್ಪತ್ತು ವರ್ಷದ ಮಕ್ಕಳ ಪ್ರವಾಸದಲ್ಲಿ ಸೀನಿಯರ್ ಸಿಟಿಜನ್ ಎಲ್ಲಿಂದ ಬಂದರು ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ರೈಲ್ವೆಯ ಅಭ್ಯಾಸಬಲ ಎಂದುಕೊಂಡು ಸುಮ್ಮನಾದೆ.

ಆಮೇಲೆ ಪಾಲಕರ ಸಭೆ. ದೊಡ್ಡಮ್ಮನಿಗೆ ಅಲ್ಲಿ ಏನು ಕೆಲಸ ಎನ್ನುತ್ತೀರಾ? ನಾನು ಮರೆತುಹೋದ ಊಟದ ಡಬ್ಬ ಕೊಡಲು ಬಂದರಂತೆ. ಆ ಡಬ್ಬವನ್ನು ನಾನು ಮರೆತದ್ದೋ, ಅವರೇ ಬಚ್ಚಿಟ್ಟದ್ದೋ ಇವತ್ತಿಗೂ ಬಗೆಹರಿದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೇಳುತ್ತಿದ್ದರು. ನಾನು ಯುರೋಪಿನ ಇತಿಹಾಸದ ಮಹತ್ವ ಎಂದು ಏನೋ ಹೇಳುತ್ತಿದ್ದೆ. ಯಾವ ಪಾಲಕರಿಗೂ ಅದರಲ್ಲಿ ಆಸಕ್ತಿ ಇರಲಿಲ್ಲ. ವಿಜಯಪುರದ ಕಡೆಯ ಒಬ್ಬ ಕಟ್ಟಡದ ಮೇಸ್ತ್ರಿ, ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ, ಎದ್ದು ನಿಂತು ಎಲ್ಲರ ಮನಸ್ಸಿನಲ್ಲಿದ್ದುದನ್ನು ಕೇಳಿದರು.

"ಅದೆಲ್ಲಾ ಖರೇರಿ ಬಾಯಾರ. ನಮ್ಮ ಹುಡುಗಿ ರೊಟ್ಟಿ ಇಲ್ಲದ ಇರಂಗಿಲ್ರಿ. ಅಲ್ಲಿ ಊಟದ ವ್ಯವಸ್ಥಾ ಹೆಂಗೈತ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ವೇದಿಕೆಯ ಮೇಲಿದ್ದರು. ಅವರಿಗೆ ಮೈಕ್ ಕಂಡಿತ್ತು! ಎಷ್ಟು ವರ್ಷಗಳ ಮೇಲೆ ಕಂಡ ಮೈಕು! ಅದನ್ನು ಎರಡು ಬೆರಳಲ್ಲಿ ತಟ್ಟಿದರು, ಗಂಟಲು ಸರಿ ಮಾಡಿಕೊಂಡರು. "ಪ್ರವಾಶ್ಯಾಂನೀ ಕೃಪಯಾ ಲಕ್ಷ ದ್ಯಾ" ಎಂದು ಮರಾಠಿಯಲ್ಲಿ, "ಯಾತ್ರೀಗಣ್ ಕೃಪಯಾ ಧ್ಯಾನ್ ದೇಂ" ಎಂದು ಹಿಂದಿಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಪ್ರಯಾಣಿಕರು ದಯವಿಟ್ಟು ಗಮನಿಸಿ ಎಂದು ಶುರುವಾಯಿತು. ಮುಂಬೈಯಿಂದ ಬರ್ಲಿನ್ನಿಗೆ ಹೊರಡುವ ವಿಮಾನ, ನಡುವೆ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ, ಯಾರು ಯಾರ ಕೈ ಹಿಡಿದುಕೊಳ್ಳಬೇಕು, ಎಲ್ಲೆಲ್ಲಿ ಶೌಚಕ್ಕೆ ಹೋಗಿಬರಬೇಕು! ಶೌಚದ ವಿಷಯವನ್ನು ಮೂರು ಭಾಷೆಯಲ್ಲೂ ಹೇಳಿದರು. ಕೊನೆಗೆ ಮೇಸ್ತ್ರಿಯ ಕಡೆ ತಿರುಗಿ ಕನ್ನಡದಲ್ಲಿ, "ಕಡಕ್ ರೊಟ್ಟಿ ಕಟ್ಟಿ ಕೊಡಿ. ಅದು ಮುಗಿದರೆ ನೀರುದೋಸೆ ನಾನು ಮಾಡಿ ಹಾಕ್ತೇನೆ" ಎಂದರು.

"ಎಲ್ಲಿ ಬಾಯಾರ?"

"ಎಲ್ಲಿ ಅಂದರೆ? ಬರ್ಲಿನ್ನಿನಲ್ಲಿ!"

ಸಭೆಯಲ್ಲಿ ಚಪ್ಪಾಳೆ. ಮೇಸ್ತ್ರಿಯವರು ಕೈಮುಗಿದು, "ಹಂಗಾದ್ರ ನಮ್ಮದೇನೂ ಅಭ್ಯಂತರ ಇಲ್ರಿ" ಎಂದು ಒಪ್ಪಿಗೆ ಕೊಟ್ಟರು. ಎಲ್ಲ ಪಾಲಕರೂ ಕೊಟ್ಟರು. ಬರ್ಲಿನ್ನಿನ ದೋಸೆ ಅವರನ್ನು ಒಪ್ಪಿಸಲು ಬಿಟ್ಟ ಬಡಾಯಿ ಎಂದೇ ನಾನು ತಿಳಿದೆ. ನನ್ನ ಪಕ್ಕದಲ್ಲಿದ್ದ ಇಂಗ್ಲಿಷ್ ವಿಭಾಗದವಳು, "ಇವರು ನಿಮ್ಮ ಸಂಬಂಧಿಕರಾ? ಸೋ ಸ್ವೀಟ್" ಎಂದಳು. ಆ ಸ್ವೀಟ್ ನನಗೆ ಹಾಗಲಕಾಯಿಯಂತೆ ಗಂಟಲಿಗೆ ಇಳಿಯಿತು. ಸಭೆ ಗೆದ್ದದ್ದು ದೊಡ್ಡಮ್ಮ. ಆದರೂ ನಾನು ಕಿವಿ ಕೆಂಪಗೆ ಮಾಡಿಕೊಂಡು ನೆಲ ನೋಡುತ್ತಿದ್ದೆ, ಯಾಕೆ ಹೇಳಿ? ಮನುಷ್ಯರಿಗೆ ತಮ್ಮವರ ಬಗ್ಗೆ ಆಗುವಷ್ಟು ನಾಚಿಕೆ ತಮ್ಮ ಬಗ್ಗೆ ಆಗುವುದಿಲ್ಲ.

ಇಷ್ಟಕ್ಕೇ ಮುಗಿಯಿತೇ? ನನ್ನ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಬಾಂದ್ರಾದವರು, ಕಾಲೇಜಿಗೆ ಕಾರಿನಲ್ಲಿ ಬಂದು ಇಳಿಯುವವರು. "ರೈಲು ಹತ್ತಲಿಕ್ಕೆ ಬಾರದ ಮಕ್ಕಳನ್ನು ಬರ್ಲಿನ್ನಿಗೆ ಕರ್ಕೊಂಡು ಹೋಗುವುದಾ? ರಿಹರ್ಸಲ್ ಆಗ್ಬೇಕು" ಎಂದು ದೊಡ್ಡಮ್ಮ ತೀರ್ಪು ಕೊಟ್ಟರು. ಮೊದಲ ರಿಹರ್ಸಲ್ ಪವಾಯಿ ಕೆರೆಯ ಸುತ್ತ, ಅದು ಬರ್ಲಿನ್ನಿನ ನದಿಯ ದಂಡೆಯಂತೆ. ಸೊಳ್ಳೆ ಕಡಿಸಿಕೊಂಡು ಬಂದೆವು. ಎರಡನೆಯದು ಕುರ್ಲಾ ಸ್ಟೇಷನ್ನಿನಲ್ಲಿ, ಸಂಜೆ ಆಫೀಸು ಬಿಡುವ ಹೊತ್ತಿನಲ್ಲಿ! ಆ ಹೊತ್ತಿನಲ್ಲಿ ಕುರ್ಲಾದಲ್ಲಿ ಗಾಡಿ ಹತ್ತುವವರಿಗೆ ಪದಕ ಕೊಡಬೇಕು.

ಮಕ್ಕಳಿಗಂತೂ ಹಬ್ಬ. ಎಲ್ಲರ ಮಣಿಕಟ್ಟಿಗೂ ದೊಡ್ಡಮ್ಮ ಹಳದಿ ರಿಬ್ಬನ್ ಕಟ್ಟಿದ್ದರು. ಮುಚ್ಚಿದ ಕೊಡೆಯ ತುದಿಗೆ ಕೆಂಪು ಟವೆಲ್ ಸಿಕ್ಕಿಸಿ, ಪ್ಲಾಟ್‌ಫಾರ್ಮಿನಲ್ಲಿ ಮುಂದೆ ಹಿಂದೆ ಓಡಾಡುತ್ತಾ, "ಬ್ಯಾಗು ಎದೆಗೆ! ಮೊಣಕೈ ಹೊರಗೆ! ಇಳಿಯುವವರು ಇಳಿದ ಕೂಡಲೇ ನುಗ್ಗಬೇಕು, ನಾಚಿಕೆ ಮಾಡಿದವರು ಇಲ್ಲೇ ಬಾಕಿ!" ಎಂದು ಪಾಠ ಹೇಳುತ್ತಿದ್ದರು. ನಾಚಿಕೆ ಮಾಡುತ್ತಿದ್ದವಳು ನಾನೊಬ್ಬಳೇ. ಕಂಬದ ಹಿಂದೆ ನಿಂತು, ಇವರಾರೂ ನನಗೆ ಗೊತ್ತಿಲ್ಲ ಎಂಬ ಮುಖ ಮಾಡಿಕೊಂಡು, ಜಾಹೀರಾತು ಓದುತ್ತಿದ್ದೆ.

ಆಗ ಸೇತುವೆಯ ಮೆಟ್ಟಿಲಿಳಿದು ಬಂದವರು ಯಾರು? ನಮ್ಮ ಪ್ರಿನ್ಸಿಪಾಲರು! ಕುರ್ಲಾದಲ್ಲಿ ಅವರಿಗೇನು ಕೆಲಸವಿತ್ತೋ ದೇವರೇ ಬಲ್ಲ. ಕೋಟು, ಟೈ, ಕೈಯಲ್ಲಿ ಸಿಹಿತಿಂಡಿಯ ಪೊಟ್ಟಣ. ತಮ್ಮ ಕಾಲೇಜಿನ ಮಕ್ಕಳು ಸಾಲಾಗಿ ಎದೆಗೆ ಬ್ಯಾಗು ಕಟ್ಟಿಕೊಂಡು ನಿಂತಿರುವುದನ್ನು ನೋಡಿ ಬೆರಗಾಗಿ ನಡುವೆ ನಿಂತುಬಿಟ್ಟರು. ದೊಡ್ಡಮ್ಮನಿಗೆ ಅವರ ಗುರುತಿಲ್ಲ. "ಏ ಕಾಕಾ, ಬಾಜೂ ಹಟೋ, ಬರ್ಲಿನ್ ಗಾಡಿ ಆ ರಹೀ ಹೈ!" ಎಂದು ಕೊಡೆಯಿಂದ ಅವರನ್ನು ಪಕ್ಕಕ್ಕೆ ಸರಿಸಲು ನೋಡಿದರು. ಅಷ್ಟರಲ್ಲಿ ಗಾಡಿ ಬಂದೇ ಬಂತು. "ಚಲೋ ಬರ್ಲಿನ್!" ಎಂದು ದೊಡ್ಡಮ್ಮ ಕೊಡೆ ಎತ್ತಿದರು. ಮಕ್ಕಳು ಒಂದೇ ಉಸಿರಿಗೆ ನುಗ್ಗಿದರು. ಮಕ್ಕಳ ಜೊತೆ ಪ್ರಿನ್ಸಿಪಾಲರೂ ಒಳಗೆ ಹೋದರು. ಹೋದರು ಎಂದರೆ ಅವರು ನಡೆಯಲಿಲ್ಲ, ಕಾಲು ನೆಲಕ್ಕೆ ತಾಗಿದಂತೆಯೂ ಕಾಣಲಿಲ್ಲ. ಘಾಟ್ಕೋಪರಿನಲ್ಲಿ ಇಳಿದರಂತೆ. ಸಿಹಿತಿಂಡಿ ಇಳಿಯಲಿಲ್ಲವಂತೆ.

ಮರುದಿನ ಕರೆಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಕನ್ನಡಕ ಒರೆಸುತ್ತಾ ಒಂದೇ ಮಾತು ಕೇಳಿದರು, "ಆ ಕೊಡೆಯ ಹೆಂಗಸು ಟೂರ್ ಕಂಪನಿಯವರಾ?" ನಾನು ಹೌದೂ ಅಲ್ಲ, ಅಲ್ಲವೂ ಅಲ್ಲ ಎಂಬಂತೆ ತಲೆ ಆಡಿಸಿ ಹೊರಗೆ ಬಂದೆ. ಇನ್ನು ಕೆಲವೇ ವಾರ, ವಿಮಾನ ಹತ್ತಿಬಿಟ್ಟರೆ ನಾಲ್ಕು ದಿನ ಈ ದನಿಯಿಂದ ಬಿಡುಗಡೆ ಎಂದು ಮನಸ್ಸಿನಲ್ಲೇ ಸಮಾಧಾನ ಮಾಡಿಕೊಂಡೆ.

ಹಾಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಪೊಲೀಸ್! ನನಗೆ ಮೊದಲು ಹೊಳೆದದ್ದು, ಪ್ರಿನ್ಸಿಪಾಲರು ಸಿಹಿತಿಂಡಿಯ ವಿಷಯದಲ್ಲಿ ದೂರು ಕೊಟ್ಟಿರಬೇಕು ಎಂದು. ಆತ ಪಾಸ್‌ಪೋರ್ಟ್ ವಿಚಾರಣೆಗೆ ಬಂದ ಕಾನ್‌ಸ್ಟೇಬಲ್. "ನನ್ನ ಪಾಸ್‌ಪೋರ್ಟ್ ಆಗಿ ಎಷ್ಟೋ ಕಾಲವಾಯಿತಲ್ಲ" ಎಂದೆ.

"ತುಮ್‌ಚಾ ನಾಹೀ, ಮಾವಶೀಂಚಾ" ಎಂದು ಅವನು ನನ್ನ ಹಿಂದೆ ಬೆರಳು ತೋರಿಸಿದ. ನಿಮ್ಮದಲ್ಲ, ಮೌಸಿಯವರದು!

ತಿರುಗಿ ನೋಡಿದೆ. ದೊಡ್ಡಮ್ಮ ಮದುವೆ ಮನೆಗೆ ಉಡುವ ಹಸಿರು ರೇಷ್ಮೆ ಸೀರೆ ಉಟ್ಟು, ತಲೆ ಬಾಚಿ, ಆಧಾರ್ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಪ್ರಸಾದಕ್ಕೆ ನಿಂತವರ ಹಾಗೆ ನಿಂತಿದ್ದರು. ಕಾನ್‌ಸ್ಟೇಬಲ್ ಕುರ್ಚಿ ಎಳೆದು ಕೂತು, ಎಲ್ಲಿಗೆ ಹೊರಟಿರಿ ಮೌಸಿ ಎಂದು ಕೇಳಿದ.

"ಬರ್ಲಿನ್" ಎಂದರು ದೊಡ್ಡಮ್ಮ. ಅನೌನ್ಸ್‌ಮೆಂಟಿನ ದನಿಯಲ್ಲ, ತೀರಾ ಸಣ್ಣ ದನಿ.

"ಕೋಣಾ ಬರೋಬರ್?" ಯಾರ ಜೊತೆ?

ದೊಡ್ಡಮ್ಮ ನನ್ನ ಕಡೆ ಕೈ ತೋರಿಸಿದರು. "ಇವಳ ಜೊತೆ. ಇವಳೇ ಕರೆದದ್ದು."

ಕಾನ್‌ಸ್ಟೇಬಲ್ ನನ್ನ ಮುಖ ನೋಡಿದ. ನಾನು ಯಾವಾಗ ಕರೆದೆ? ದೇವರಾಣೆಗೂ ಕರೆದಿರಲಿಲ್ಲ! ಬರ್ಲಿನ್ ವಿಮಾನ ನಿಲ್ದಾಣದಲ್ಲಿ ಕೆಂಪು ಟವೆಲ್ಲಿನ ಕೊಡೆ, ಮ್ಯೂಸಿಯಮ್ಮಿನಲ್ಲಿ ಮೂರು ಭಾಷೆಯ ಶೌಚದ ಸೂಚನೆ, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂದು ಬೆವರಿದೆ. ಇಲ್ಲ, ಏನೋ ತಪ್ಪಾಗಿದೆ ಎಂದು ಹೇಳಲು ಬಾಯಿ ತೆರೆದವಳಿಗೆ ಪ್ರವಾಸದ ಸುದ್ದಿ ಹೇಳಿದ ಆ ಸಂಜೆ ನೆನಪಾಯಿತು.

ನನ್ನ ಅಪ್ಪ ಕನ್ನಡದವರು, ಅಮ್ಮ ಮತ್ತು ದೊಡ್ಡಮ್ಮ ತುಳು ಮಾತಿನವರು. ಮನೆಯಲ್ಲಿ ಕನ್ನಡ, ಹೊರಗೆ ಹಿಂದಿ, ಕಾಲೇಜಿನಲ್ಲಿ ಇಂಗ್ಲಿಷ್ ಆಡಿ ಬೆಳೆದ ನನಗೆ ತುಳು ಅಷ್ಟಕ್ಕಷ್ಟೆ. ದೊಡ್ಡಮ್ಮನನ್ನು ಖುಷಿಪಡಿಸಬೇಕಾದಾಗ ಮಾತ್ರ ಎರಡು ಮಾತು ತುಳುವಿನಲ್ಲಿ ಎಸೆಯುತ್ತೇನೆ. ಎಸೆದದ್ದೆಲ್ಲ ಅವರು ಹೆಕ್ಕಿ, ತಿದ್ದಿ, ವಾಪಸು ಕೊಡುತ್ತಾರೆ. ಆ ಸಂಜೆಯೂ ಖುಷಿಯಲ್ಲಿ ತುಳುವಿನಲ್ಲೇ ಹೇಳಿದ್ದೆ, "ನಮ ಬರ್ಲಿನ್‌ಗ್ ಪೋಪ" ಎಂದು. ನಾವು ಬರ್ಲಿನ್ನಿಗೆ ಹೋಗುತ್ತೇವೆ ಎಂಬುದು ನನ್ನ ಮನಸ್ಸಿನ ಅರ್ಥ. ಕನ್ನಡದಲ್ಲಿ 'ನಾವು' ಎಂದರೆ ಯಾರು ಒಳಗೆ, ಯಾರು ಹೊರಗೆ ಎಂದು ಯಾರೂ ಕೇಳುವುದಿಲ್ಲ. ತುಳುವಿನಲ್ಲಿ ಹಾಗಲ್ಲ. ಎದುರಿಗಿರುವವರನ್ನು ಬಿಟ್ಟು ನಾವು ಎನ್ನಲು 'ಎಂಕುಳು'. ಎದುರಿಗಿರುವವರನ್ನೂ ಸೇರಿಸಿಕೊಂಡು ನಾವು ಎನ್ನಲು 'ನಮ'. ಎಂಕುಳು ಎನ್ನಬೇಕಾದಲ್ಲಿ ನಾನು ನಮ ಅಂದಿದ್ದೆ! ನಾನೂ ನೀವೂ ಕೂಡಿ ಬರ್ಲಿನ್ನಿಗೆ ಹೋಗುವ ಎಂದು, ಚಪ್ಪಲಿಯನ್ನೂ ಬಿಡದೆ, ಕುಣಿಯುತ್ತಾ ಕರೆದಿದ್ದೆ.

"ಹೌದಾ ಮೇಡಮ್?" ಕಾನ್‌ಸ್ಟೇಬಲ್ ಕೇಳಿದ.

"ಹೌದು" ಎಂದೆ.

ಅವನು ಚಹಾ ಕುಡಿದು, ಸಹಿ ಹಾಕಿಸಿಕೊಂಡು, "ಮಾವಶೀ, ಅಲ್ಲಿಂದ ಚಾಕೊಲೇಟ್ ತನ್ನಿ" ಎಂದು ನಗಾಡಿ ಹೋದ. ಬಾಗಿಲು ಹಾಕಿ ಬಂದೆ.

"ದೊಡ್ಡಮ್ಮಾ, ಆ ದಿನ ನಾನು ಹೇಳಿದ್ದು..."

"ಗೊತ್ತುಂಟು ಮಗಾ." ದೊಡ್ಡಮ್ಮ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ತುಂಬುತ್ತಿದ್ದರು. "ಎಂಕುಳು ಅಂತ ಹೇಳಲಿಕ್ಕೆ ಹೋಗಿ ನಮ ಅಂದದ್ದು ನೀನು. ಅಷ್ಟೂ ತಿಳಿಯುವುದಿಲ್ವಾ ನನಗೆ?"

"ಮತ್ತೆ ಆಗಲೇ ಯಾಕೆ ತಿದ್ದಲಿಲ್ಲ?"

"ಕೇಳಲಿಕ್ಕೆ ಚಂದ ಇತ್ತು." ಕವರಿನ ಬಾಯಿಯನ್ನು ಬೆರಳಿನಿಂದ ಒತ್ತಿ ಒತ್ತಿ ಮುಚ್ಚಿದರು. "ಯಾರಾದರೂ ನನ್ನನ್ನು ಸೇರಿಸಿ ನಮ ಅನ್ನದೆ ತುಂಬಾ ಸಮಯ ಆಗಿತ್ತು. ತಿದ್ದಲಿಕ್ಕೆ ಮನಸ್ಸು ಬರಲಿಲ್ಲ. ಸ್ವಲ್ಪ ದಿನ ನಾನೂ ಹೊರಟವಳ ಹಾಗೆ ಇದ್ದೆ, ಅಷ್ಟು ಸಾಕು. ನೀನು ಮಕ್ಕಳನ್ನು ಕರ್ಕೊಂಡು ಚೆನ್ನಾಗಿ ಹೋಗಿ ಬಾ. ನಾನು ಬಂದರೆ ನಿನಗೆ ನಾಚಿಕೆ ಆಗ್ತದೆ. ಅದೂ ಗೊತ್ತುಂಟು."

ಕಂಬದ ಹಿಂದೆ ನಿಂತವಳನ್ನು ಅವರು ನೋಡಿದ್ದರು! ಇಷ್ಟು ದಿನ ಅವರಿಂದಾಗಿ ನಾಚಿದ್ದೆಲ್ಲ ಒಟ್ಟು ಮಾಡಿದರೂ ಆ ಕ್ಷಣ ನನ್ನಿಂದಲೇ ನನಗಾದ ನಾಚಿಕೆಯ ಕಾಲು ಭಾಗವೂ ಆಗಲಿಕ್ಕಿಲ್ಲ. ತುಳುವಿನಲ್ಲಿ ಏನಾದರೂ ಹೇಳೋಣವೆಂದರೆ ಧೈರ್ಯ ಬರಲಿಲ್ಲ. ಪ್ರಿನ್ಸಿಪಾಲರನ್ನು ಒಪ್ಪಿಸಬೇಕು, ವೀಸಾ ಮಾಡಿಸಬೇಕು, ಟಿಕೆಟ್ ಹುಡುಕಬೇಕು. ತಲೆಯಲ್ಲಿ ಏನೇನೋ ಓಡಿತು. ಬಾಯಿಗೆ ಬಂದದ್ದು ಮಾತ್ರ ಬೇರೆ.

"ದೊಡ್ಡಮ್ಮಾ, ನಿಮ್ಮ ಹತ್ರ ಸ್ವೆಟರ್ ಉಂಟಾ?"

"ಕುರ್ಲಾದಲ್ಲಿ ಸ್ವೆಟರ್ ಯಾರಿಗೆ ಬೇಕು ಮಾರಾಯ್ತಿ?"

"ಅಲ್ಲಿ ತುಂಬಾ ಚಳಿ ಅಂತೆ. ಬನ್ನಿ, ಈಗಲೇ ಹೋಗಿ ತರುವ. ಸೀರೆ ಬದಲಾಯಿಸುವುದು ಬೇಡ, ಹೀಗೇ ಬನ್ನಿ."

ದೊಡ್ಡಮ್ಮ ನನ್ನನ್ನೇ ನೋಡಿದರು. ಮೈಕಿನ ಮುಂದೆ ನಿಂತವರಂತೆ ಗಂಟಲು ಸರಿ ಮಾಡಿಕೊಂಡರು. ರೇಷ್ಮೆ ಸೀರೆಯ ಸೆರಗನ್ನು ಬಾಯಿಗೆ ಒತ್ತಿ ಹಿಡಿದು, ಬಾಗಿಲ ಬಳಿ ಬಗ್ಗಿ ತಮ್ಮ ಚಪ್ಪಲಿ ಹುಡುಕತೊಡಗಿದರು.